‘ಫಾಲ್ಸು ಕೊಗ್ನಾತು’: ಪಟ್ಟಿ ಸರಿ, ಹೆಸರು ತಪ್ಪು

ಪೋರ್ಚುಗೀಸ್ ಮನೆಮಾತಿನವರಿಗೆ, ಅದರಲ್ಲೂ ಬ್ರೆಜಿಲಿನವರಿಗೆ, ಇಂಗ್ಲಿಷ್ ಕಲಿಸುವ ಪಾಠಗಳಲ್ಲಿ ‘ಫಾಲ್ಸು ಕೊಗ್ನಾತು’, ಅಂದರೆ ಹುಸಿ ಜ್ಞಾತಿಪದ (ಜ್ಞಾತಿಪದವೆಂದರೆ ಒಂದೇ ಮೂಲದಿಂದ ಹುಟ್ಟಿದ ಪದ), ಎಂಬ ತಲೆಬರಹದ ಪಟ್ಟಿಯೊಂದು ಮತ್ತೆ ಮತ್ತೆ ಎದುರಾಗುತ್ತದೆ. ರೂಪದಲ್ಲಿ ಒಂದರಂತೊಂದು ಇದ್ದು ಅರ್ಥದಲ್ಲಿ ಬೇರೆಯಾದ ಪದಗಳನ್ನು ಅದರಲ್ಲಿ ಜೋಡಿಸಿರುತ್ತಾರೆ. ಮೊನ್ನೆ ಇನ್ನೊಂದು ಅಂಥದೇ ಪಟ್ಟಿ ಕಣ್ಣಿಗೆ ಬಿದ್ದುದರಿಂದ ಈ ಟಿಪ್ಪಣಿ ಬರೆಯಬೇಕಾಯಿತು. ಪಟ್ಟಿ ಉಪಯುಕ್ತವೇ, ತಲೆಬರಹ ಮಾತ್ರ ತಪ್ಪು, ಮತ್ತು ಆ ತಪ್ಪಿನಿಂದ ಕಲಿಯುವವರಿಗೆ ನಷ್ಟವಿದೆ.

ಲ್ಯಾಟಿನ್ನಿನ ‘ಕೊಗ್ನಾತುಸ್’ ಪದದಲ್ಲಿ ‘ಕೊ’ ಎಂದರೆ ಜೊತೆಗೆ, ‘ಗ್ನಾತುಸ್’ ಎಂದರೆ ಹುಟ್ಟಿದವನು. ಸಂಸ್ಕೃತದ ‘ಜಾತ’ವೂ ಅದೇ ಬೇರಿನದು, ‘ಸಹಜಾತ’ ಎಂದರೆ ಅರ್ಥ ಪೂರ್ತಿ ಕೂಡುತ್ತದೆ. ಜ್ಞಾತಿತ್ವ ಹುಟ್ಟಿಗೆ ಸೇರಿದ್ದೇ ಹೊರತು ಅರ್ಥಕ್ಕೆ ಸೇರಿದ್ದಲ್ಲ. ಅಣ್ಣತಮ್ಮಂದಿರು ಬೇರೆ ಊರು ಸೇರಿ ಬೇರೆ ಕಸುಬು ಹಿಡಿದರೆ ಅವರ ಹುಟ್ಟು ಸುಳ್ಳಾಗುವುದಿಲ್ಲ. ಆದ್ದರಿಂದ ಮೂಲವೇ ಬೇರೆಯಾಗಿದ್ದು ಆಕಸ್ಮಿಕವಾಗಿ ಹೋಲುವ ಪದಗಳಷ್ಟೇ ಹುಸಿ ಜ್ಞಾತಿಪದಗಳು. ಪೋರ್ಚುಗೀಸಿನ ‘ದಿಯ’ ಮತ್ತು ಇಂಗ್ಲಿಷಿನ ‘ಡೇ’ ಎರಡೂ ದಿನವೇ ಆದರೂ ಅವುಗಳ ಬೇರು ಒಂದಲ್ಲ. ಧನ್ಯವಾದ ಹೇಳುವ ಪೋರ್ಚುಗೀಸಿನ ‘ಒಬ್ರಿಗಾದು’ವಿನಿಂದ ಅದೇ ಅರ್ಥದ ಜಪಾನಿಯರ ‘ಅರಿಗಾತೊ’ ಬಂತೆಂಬ ಮಾತೂ ನಿಲ್ಲುವುದಿಲ್ಲ, ಏಕೆಂದರೆ 1543ರಲ್ಲಿ ಪೋರ್ಚುಗೀಸರು ಜಪಾನಿಗೆ ಕಾಲಿಡುವ ಬಹಳ ಮೊದಲೇ ಆ ಪದದ ಹಳೆಯ ರೂಪ ಅಲ್ಲಿ ಬಳಕೆಯಲ್ಲಿತ್ತು.

ಅರ್ಥ ಕವಲೊಡೆದ ಪದಗಳಿಗೆ ಬೇರೆ ಹೆಸರೇ ಇದೆ: ಹುಸಿಗೆಳೆಯರು. 1928ರಲ್ಲಿ ಕೋಸ್ಲರ್ ಮತ್ತು ದೆರೊಕಿನ್ಯಿ ಎಂಬವರು ಫ್ರೆಂಚಿನಲ್ಲಿ ಚಾಲ್ತಿಗೆ ತಂದ ಹೆಸರು ಅದು. ಪೋರ್ಚುಗೀಸಿನಲ್ಲಿಯೂ ‘ಫಾಲ್ಸುಸ್ ಅಮಿಗುಸ್’ ಎಂಬ ರೂಪ ಸಿದ್ಧವಾಗಿರುವಾಗ ಅದನ್ನು ಬಿಟ್ಟು ತಪ್ಪು ಹೆಸರನ್ನೇ ಹಿಡಿಯುವುದೇಕೆ?

ಪಟ್ಟಿಗಳ ಅಚ್ಚುಮೆಚ್ಚಿನ ಉದಾಹರಣೆಯನ್ನೇ ನೋಡೋಣ. ಬ್ರೆಜಿಲಿನ ಅಂಗಡಿಬಾಗಿಲ ಮೇಲೆ ‘ಪೂಶಿ’ ಎಂದು ಬರೆದಿದ್ದರೆ ಎಳೆಯಬೇಕು. ಇಂಗ್ಲಿಷಿನ ‘ಪುಶ್’ ಕಂಡರೆ ತಳ್ಳಬೇಕು. ಇದಕ್ಕಿಂತ ಒಳ್ಳೆಯ ಹುಸಿ ಜ್ಞಾತಿಪದ ಇಲ್ಲವೆಂಬಂತೆ ಬರೆಯುತ್ತಾರೆ. ಆದರೆ ‘ಪುಶಾರ್’ ಕ್ರಿಯಾಪದವು ಲ್ಯಾಟಿನ್ನಿನ ‘ಪುಲ್ಸಾರೆ’ಯಿಂದ ಬಂದದ್ದು, ‘ಪುಶ್’ ಕೂಡ ಹಳೆಯ ಫ್ರೆಂಚಿನ ಮೂಲಕ ಅದೇ ‘ಪುಲ್ಸಾರೆ’ಯಿಂದ ಇಳಿದದ್ದು. ಮೂಲದ ಅರ್ಥ ಬಡಿ, ನೂಕು. ಅರ್ಥ ತಿರುಗುಮುರುಗಾದರೂ ನಂಟು ಅಪ್ಪಟವಾದದ್ದು. ಇಂಗ್ಲಿಷ್ ಇಂಥ ಪದಗಳನ್ನು ಎರವಲು ಪಡೆದಿರುವುದರಿಂದ ಕಟ್ಟುನಿಟ್ಟಿನ ಭಾಷಾಶಾಸ್ತ್ರಜ್ಞರು ಇವನ್ನು ಜ್ಞಾತಿಪದ ಎನ್ನಲೂ ಹಿಂಜರಿಯಬಹುದು. ಮೂಲ ಒಂದೇ ಎಂಬುದರಲ್ಲಿ ಮಾತ್ರ ತಕರಾರಿಲ್ಲ. ಕನ್ನಡದ ‘ಶಿಕ್ಷೆ’ ದಂಡನೆಯಾಗಿ, ಹಿಂದಿಯ ‘ಶಿಕ್ಷಾ’ ವಿದ್ಯಾಭ್ಯಾಸವಾಗಿ ನಿಂತಿರುವುದನ್ನು ಬಲ್ಲ ನಮಗೆ ಇದು ಹೊಸತೇನಲ್ಲ.

ಉನ್ನತ ಮಟ್ಟದ ಇಂಗ್ಲಿಷ್ ಪದಸಂಪತ್ತನ್ನು ಬೆಳೆಸಿಕೊಳ್ಳುವವರಿಗೆ ಈ ನಂಟೇ ದೊಡ್ಡ ಬಂಡವಾಳ. ‘ಪ್ರಿಟೆಂಡ್’ ಎಂದರೆ ನಟಿಸು, ಪೋರ್ಚುಗೀಸಿನ ‘ಪ್ರೆತೆಂದೆರ್’ ಎಂದರೆ ಉದ್ದೇಶಿಸು ಎಂದಷ್ಟೇ ಬಾಯಿಪಾಠ ಮಾಡಿ ಮುಂದೆ ಹೋದವರಿಗೆ ಎರಡೂ ಲ್ಯಾಟಿನ್ನಿನ ‘ಮುಂದಕ್ಕೆ ಚಾಚು’ ಎಂಬ ಅರ್ಥದ ಪದದಿಂದ ಬಂದವೆಂಬುದು ತಿಳಿಯುವುದಿಲ್ಲ. ಚಾಚಿದ್ದು ಒಂದೆಡೆ ಗುರಿಯಾಯಿತು; ಇನ್ನೊಂದೆಡೆ ಹಕ್ಕುಸಾಧನೆಯಾಗಿ, ಸುಳ್ಳು ಹಕ್ಕಾಗಿ, ಕೊನೆಗೆ ನಟನೆಯಾಯಿತು. ಸಿಂಹಾಸನದ ಮೇಲೆ ಹಕ್ಕು ಸಾಧಿಸುವವನು ಇಂದಿಗೂ ಇಂಗ್ಲಿಷಿನಲ್ಲಿ ‘ಪ್ರಿಟೆಂಡರ್’, ಪೋರ್ಚುಗೀಸಿನಲ್ಲಿ ‘ಪ್ರೆತೆಂದೆಂತೆ’; ಹುಸಿಗೆಳೆಯರೆಂದು ದೂರ ಇಟ್ಟ ಪದಗಳು ಇಲ್ಲಿ ಅರ್ಥದಲ್ಲಿಯೂ ಒಂದಾಗಿವೆ. ‘ಎಕ್ಸ್‌ಕ್ವಿಸಿಟ್’ ಸೊಗಸಾದದ್ದು, ‘ಎಸ್ಕಿಜಿತು’ ವಿಚಿತ್ರವಾದದ್ದು. ಎರಡರ ಮೂಲದಲ್ಲಿಯೂ ಇರುವುದು ಹುಡುಕಿ ತೆಗೆದದ್ದು ಎಂಬ ಅರ್ಥ.

‘ಸಾಮ್ನೊಲೆಂಟ್’ (ತೂಕಡಿಸುವ), ‘ಲೊಕ್ವೇಶಸ್’ (ವಾಚಾಳಿಯಾದ) ಎಂಬಂಥ ಪದಗಳಿಗೆ ಇಂಗ್ಲಿಷರೇ ನಿಘಂಟು ತೆರೆಯುವುದುಂಟು, ಆದರೆ ‘ಸೊನೊಲೆಂತು’, ‘ಲೊಕ್ವಾಸ್’ ಬಲ್ಲ ಬ್ರೆಜಿಲಿನ ಓದುಗರಿಗೆ ಅವು ಅಪರಿಚಿತವಲ್ಲ. ಅಂಥವರಿಗೆ ನಂಟನ್ನೇ ಅನುಮಾನಿಸಲು ಕಲಿಸುವುದು ಸರಿಯಲ್ಲ. ಅವರ ಶ್ರಮ ಹೋಗಬೇಕಾದದ್ದು ‘ಪುಟ್ ಅಪ್ ವಿತ್’ (ಸಹಿಸಿಕೊ), ‘ಗೆಟ್ ಬೈ’ (ಹೇಗೋ ನಿಭಾಯಿಸು) ಎಂಬಂಥ, ಚಿಕ್ಕ ಪದಗಳು ಸೇರಿ ಆದ ಕ್ರಿಯಾಪದಗಳ ಕಡೆಗೆ, ಅಲ್ಲಿ ಲ್ಯಾಟಿನ್ನಿನ ನೆರವು ಸಿಗುವುದಿಲ್ಲ.