ರೈಟ್ ಹಾಫ್‌ನ ಪಕ್ಕದಲ್ಲಿ ಯಾರಿದ್ದರು?

ಕಳೆದ ತಿಂಗಳು ಮುಂಬೈನ ಚರ್ಚ್‌ಗೇಟ್ ಸ್ಟೇಷನ್ ಹತ್ತಿರದ ಹಾಕಿ ಮೈದಾನದಲ್ಲಿ ನಮ್ಮ ತಂಡ 2-1ರಿಂದ ಮುಂದಿತ್ತು. ಮೂರು ಕ್ವಾರ್ಟರ್ ಮುಗಿದಿತ್ತು. ಬಾಕಿ ಇದ್ದದ್ದು 15 ನಿಮಿಷ. ಆಟ ಮುಗಿದಾಗ ಸ್ಕೋರ್ 2-4. ಪುಣೆಗೆ ವಾಪಸ್ ಬರುವ ಬಸ್ಸಿನಲ್ಲಿ ಲೋಣಾವಳ ದಾಟುವವರೆಗೆ ಯಾರೂ ತುಟಿ ಬಿಚ್ಚಲಿಲ್ಲ. ಕಟ್ಟಿಸಿಕೊಂಡು ಬಂದಿದ್ದ ವಡಾ ಪಾವ್ ಹಾಗೇ ತಣ್ಣಗಾಯಿತು.

ಆ ಭಾನುವಾರ ಇಲ್ಲಿನ ಕನ್ನಡಿಗರ ಒಂದು ಊಟದಲ್ಲಿ ಹಿರಿಯರೊಬ್ಬರು ಬಿಸಿಬೇಳೆಬಾತ್ ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದರು. "ಏನ್ ಕೋಚ್ ಸಾಹೇಬ್ರೇ, ಹೊಸ ಹುಡುಗರನ್ನ ಬೇಗ ಮೈದಾನಕ್ಕೆ ಇಳಿಸಿಬಿಟ್ರಿ ಅಲ್ವಾ?" ಪಕ್ಕದಲ್ಲಿದ್ದವರು ಬಿಡಲಿಲ್ಲ. "ಇಲ್ರೀ, ಇನ್ನೂ ಹಳಬರನ್ನೇ ಇಟ್ಕೊಂಡಿದಾರೆ, ಅದಕ್ಕೇ ಸೋತಿದ್ದು." ಇಬ್ಬರೂ ಮ್ಯಾಚ್ ನೋಡಿರಲಿಲ್ಲ. ನಾನು ಹಪ್ಪಳ ತರುವ ನೆಪದಲ್ಲಿ ಜಾಗ ಖಾಲಿ ಮಾಡಿದೆ. ಆದರೆ ಪ್ರಶ್ನೆ ಬೆನ್ನು ಬಿಡಲಿಲ್ಲ.

ನಮ್ಮದು ಒಂದು ಡಿಪಾರ್ಟ್‌ಮೆಂಟ್ ತಂಡ. ಈ ಸೀಸನ್‌ಗೆ ಮೊದಲು ಮೂವರು ಹಳಬರು ಹೋದರು. ಒಬ್ಬರು ಆಟ ನಿಲ್ಲಿಸಿದರು, ಒಬ್ಬರಿಗೆ ನಾಗಪುರಕ್ಕೆ ವರ್ಗ, ಇನ್ನೊಬ್ಬರಿಗೆ ಮೊಣಕಾಲು. ಮೈದಾನದ ನಡುವೆ ಆಡುವ ಸೆಂಟರ್ ಹಾಫ್, ನಮ್ಮ ಗೋಲಿನ ಮುಂದೆ ಕಾಯುವ ಡೀಪ್ ಡಿಫೆಂಡರ್, ಮತ್ತೆ ಎದುರಾಳಿಯ ತಪ್ಪಿಗೆ ಅವರ ಗೋಲಿನ ಹತ್ತಿರ ಸಿಗುವ ಪೆನಾಲ್ಟಿ ಕಾರ್ನರ್ ಹೊಡೆಯುವವರು. ಮೂವರೂ ತಂಡದ ಬೆನ್ನುಮೂಳೆ. ಅವರ ಜಾಗಕ್ಕೆ ಖಡ್ಕಿ, ಪಿಂಪ್ರಿಯ ಮೈದಾನಗಳಲ್ಲಿ ಬೆಳೆದ ಹುಡುಗರು ಬಂದರು. 18, 19ರ ವಯಸ್ಸು. ಸ್ಟಿಕ್ ಕೈಯಲ್ಲಿದ್ದರೆ ನಮ್ಮ ಕಾಲದವರಿಗಿಂತ ಜಾಣರು. ಸುಮ್ನೆ ಹೇಳುತ್ತಿಲ್ಲ, ನಾನು ಹುಬ್ಬಳ್ಳಿಯ ಮಣ್ಣಿನ ಮೈದಾನದಲ್ಲಿ ಕಲಿತವನು, ಇವರ ಅರ್ಧದಷ್ಟು ಕೈಚಳಕ ನನಗಿರಲಿಲ್ಲ.

ಸೋತ ಮ್ಯಾಚಿನ ತಪ್ಪನ್ನೆಲ್ಲ ರೈಟ್ ಹಾಫ್, ಅಂದರೆ ಮಧ್ಯದ ಸಾಲಿನಲ್ಲಿ ಬಲಬದಿಗೆ ಆಡುವ ಹುಡುಗನ ತಲೆಗೆ ಕಟ್ಟಿದರು. ಕೊನೆಯ ಮೂರೂ ಗೋಲುಗಳು ಅವನ ಕಡೆಯಿಂದಲೇ ಶುರುವಾದವು, ನಿಜ. ಎರಡು ಸಲ ಚೆಂಡು ಡಿ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದ ಒಳಗೆ ಅವನ ಕಾಲಿಗೆ ಬಡಿಯಿತು. ಡಿ ಒಳಗೆ ಡಿಫೆಂಡರ್ ಕಾಲಿಗೆ ತಗುಲಿ ಅವನ ತಂಡಕ್ಕೆ ಲಾಭವಾದರೆ ಎದುರಾಳಿಗೆ ಪೆನಾಲ್ಟಿ ಕಾರ್ನರ್. ಆಗ ಗೋಲಿಯೂ ಸೇರಿ ಐದೇ ಜನ ಗೋಲ್ ಕಾಯಬೇಕು. ಎರಡು ಕಾರ್ನರ್, ಎರಡು ಗೋಲು. ಹೊಸ ತಂಡ ಎಷ್ಟು ನೀರಿನಲ್ಲಿದೆ ಅಂತ ನೋಡಬೇಕಾದರೆ ನಾನು ಸ್ಕೋರ್ ನೋಡುವುದಿಲ್ಲ, ಬಿಟ್ಟುಕೊಟ್ಟ ಕಾರ್ನರ್ ಎಣಿಸುತ್ತೇನೆ.

ಆಟಗಾರನೊಬ್ಬನ ತಮ್ಮ ಫೋನಿನಲ್ಲಿ ಪೂರ್ತಿ ಮ್ಯಾಚ್ ಹಿಡಿದಿದ್ದ. ಮೊದಲು ಸದ್ದು ಮುಚ್ಚಿ ನೋಡಿದೆ, ಹುಡುಗನೇ ತಪ್ಪಿತಸ್ಥ ಅನಿಸಿತು. ಆಮೇಲೆ ಸದ್ದು ಹಾಕಿ ನೋಡಿದೆ. ಸ್ಟಿಕ್ಕಿನ ಟಕಟಕ, ದೂರದಲ್ಲಿ ಲೋಕಲ್ ಟ್ರೇನು. ಅಷ್ಟೇ. ನಮ್ಮವರ ದನಿಯೇ ಇಲ್ಲ.

ಹೋದ ವರ್ಷದ ವಿಡಿಯೋ ತೆಗೆದೆ. ಹಳೆ ಸೆಂಟರ್ ಹಾಫ್ ಬೆಳಗಾವಿಯವರು. 60 ನಿಮಿಷವೂ ಅವರ ಬಾಯಿ ನಿಲ್ಲುವುದಿಲ್ಲ. ಮರಾಠಿ ಹುಡುಗರಿಗೆ "ಮಾಗೇ ಬಘ್!", ನಮ್ಮವನಿಗೆ "ಹಿಂದ ಅದಾನ ನೋಡೋ!" ನಡುನಡುವೆ ಎರಡೂ ಭಾಷೆಯ ಬೈಗುಳ. ಅವರ ಕಾಲು ನಿಧಾನವಾಗಿದೆ, ಬದಲಾಯಿಸಬೇಕು ಅಂತ ಎರಡು ವರ್ಷದಿಂದ ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಅವರ ಕಾಲಿನ ಬದಲಿಗೆ ಒಳ್ಳೆಯ ಕಾಲು ತಂದೆವು. ಬಾಯಿಯ ಬದಲಿಗೆ ಏನೂ ತರಲಿಲ್ಲ.

ಇದು ಟರ್ಫಿನಲ್ಲಿ, ಕೃತಕ ಹುಲ್ಲಿನ ಮೈದಾನದಲ್ಲಿ, ಯಾಕೆ ಇಷ್ಟು ದೊಡ್ಡ ವಿಷಯ ಅಂದರೆ, ಮಣ್ಣಿನಲ್ಲಿ ಚೆಂಡು ಕುಪ್ಪಳಿಸುತ್ತ ನಿಧಾನಕ್ಕೆ ಬರುತ್ತಿತ್ತು. ಸ್ಟಿಕ್ಕಿನಿಂದ ಚೆಂಡು ತಡೆದು ನಿಲ್ಲಿಸಿ, ತಲೆ ಎತ್ತಿ, ಯಾರಿಗೆ ಕೊಡೋಣ ಅಂತ ಯೋಚಿಸಲು ಪುರುಸೊತ್ತು ಇರುತ್ತಿತ್ತು. ನೀರು ಹಾಕಿದ ಟರ್ಫಿನಲ್ಲಿ ಅದು ಆಗುವುದಿಲ್ಲ. ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ನೋಡಿ ಮುಗಿಸಿರಬೇಕು. ಚೆಂಡಿನ ಮೇಲೆ ಕಣ್ಣಿಟ್ಟಾಗ ಬೆನ್ನಿಗೆ ಬೇರೆಯವರ ಕಣ್ಣು ಬೇಕು. ಆ ಕಣ್ಣೇ ಪಕ್ಕದವನ ಕೂಗು.

ಹಾಗಾಗಿ ನನ್ನ ಪರೀಕ್ಷೆ ಸರಳ. ಹುಡುಗನಿಗೆ ಪಾಸ್ ಹೋಗುವಾಗ ನಾನು ಅವನ ಹಿಂದೆ ನಿಂತು ಬೆರಳು ಎತ್ತುತ್ತೇನೆ. ಚೆಂಡು ಮುಟ್ಟುವ ಮೊದಲು ಎಷ್ಟು ಬೆರಳು ಅಂತ ಅವನು ಕೂಗಿ ಹೇಳಬೇಕು. ಬೆಳಿಗ್ಗೆ ಬಂದ ತಕ್ಷಣ ಮಾಡಿಸಿದರೆ ಎಲ್ಲರೂ ಪಾಸು. 40 ನಿಮಿಷ ಓಡಿಸಿ ಆಮೇಲೆ ಮಾಡಿಸಬೇಕು. ಕೆಲವರು ಬೆರಳು ತಪ್ಪು ಹೇಳುತ್ತಾರೆ, ಕೆಲವರಿಗೆ ಬೆರಳು ಸರಿ, ಚೆಂಡು ಸ್ಟಿಕ್ಕಿನ ಕೆಳಗೆ ತೂರಿ ಹೋಗುತ್ತದೆ. ನಮ್ಮ ರೈಟ್ ಹಾಫ್ ಆರಕ್ಕೆ ಎರಡು ಸಲ ಹಿಂದೆ ನೋಡುವುದನ್ನೇ ಮರೆಯುತ್ತಾನೆ. ಸುಸ್ತಾದಾಗ ಮೊದಲು ನಿಲ್ಲುವುದು ಕಾಲಲ್ಲ, ಕುತ್ತಿಗೆ.

ಇನ್ನು ಜಾಗದ ಮಾತು. ಹಾಕಿಯಲ್ಲಿ ಬದಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಮಾಡಬಹುದು. ಫಾರ್ವರ್ಡ್ ಹುಡುಗನನ್ನು ನಾಲ್ಕೈದು ನಿಮಿಷ ಓಡಿಸಿ, ಕರೆದು, ನೀರು ಕುಡಿಸಿ, ಕಿವಿಯಲ್ಲಿ ಒಂದು ಮಾತು ಹೇಳಿ ಮತ್ತೆ ಬಿಡಬಹುದು. ಅವನು ಚೆಂಡು ಕಳೆದರೂ ನಮ್ಮ ಗೋಲು ಇನ್ನೂ ದೂರ ಇರುತ್ತದೆ. ಡಿಫೆನ್ಸಿನವರನ್ನು ಹಾಗೆ ಪದೇ ಪದೇ ತೆಗೆಯಲಾಗದು, ತಪ್ಪು ಮಾಡಿದರೆ ಬೆಲೆಯೂ ಜಾಸ್ತಿ. 18ರ ಫಾರ್ವರ್ಡ್ ಇವತ್ತೇ ರೆಡಿ ಇರಬಹುದು. ಅಷ್ಟೇ ಪ್ರತಿಭೆಯ ಡಿಫೆಂಡರ್‌ಗೆ ಇನ್ನೂ ಎರಡು ವರ್ಷ ಬೇಕಾಗಬಹುದು. ವಿವೇಕ್ ಸಾಗರ್ ಪ್ರಸಾದ್ 2018ರಲ್ಲಿ 17ಕ್ಕೇ ಭಾರತದ ಮಿಡ್‌ಫೀಲ್ಡ್‌ನಲ್ಲಿ ಆಡಲಿಲ್ವಾ ಅಂತ ಕೇಳುತ್ತಾರೆ. ಆಡಿದರು. ಜೊತೆಗೆ ಮನ್‌ಪ್ರೀತ್ ಸಿಂಗ್ ಇದ್ದರು.

ಜೂನಿಯರ್ ಕಪ್ ಗೆದ್ದವರನ್ನೆಲ್ಲ ಹಾಗೇ ಮೇಲೆ ತನ್ನಿ ಅನ್ನುವವರಿಗೆ ನಾನು 2001ರ ಕಥೆ ಹೇಳುತ್ತೇನೆ. ಹೋಬಾರ್ಟ್‌ನಲ್ಲಿ ನಮ್ಮ ಜೂನಿಯರ್‌ಗಳು ವಿಶ್ವಕಪ್ ಗೆದ್ದರು. ಫೈನಲ್‌ನಲ್ಲಿ ಅರ್ಜೆಂಟೀನಾಗೆ 6-1. ಗಗನ್ ಅಜಿತ್ ಸಿಂಗ್, ದೀಪಕ್ ಠಾಕೂರ್, ನಮ್ಮ ಕೊಡಗಿನ ಅರ್ಜುನ್ ಹಾಲಪ್ಪ. ಇನ್ನು ಹತ್ತು ವರ್ಷ ಚಿಂತೆ ಇಲ್ಲ ಅಂದುಕೊಂಡೆವು. 2003ರಲ್ಲಿ ಡ್ರ್ಯಾಗ್ ಫ್ಲಿಕ್ಕರ್, ಅಂದರೆ ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಎಸೆಯುವ ಜುಗರಾಜ್ ಸಿಂಗ್ ಕಾರು ಅಪಘಾತದಲ್ಲಿ ಗಾಯಗೊಂಡರು. ಅಥೆನ್ಸ್ ಒಲಿಂಪಿಕ್ಸ್‌ಗೆ ಕೆಲವೇ ವಾರ ಇರುವಾಗ ಕೋಚ್ ಬದಲಾದರು. ಅಲ್ಲಿ 7ನೇ ಸ್ಥಾನ, 2006ರ ವಿಶ್ವಕಪ್‌ನಲ್ಲಿ 11ನೇ ಸ್ಥಾನ, 2008ರಲ್ಲಿ ಸ್ಯಾಂಟಿಯಾಗೋದಲ್ಲಿ ಬ್ರಿಟನ್‌ಗೆ 0-2 ಸೋತು ಒಲಿಂಪಿಕ್ಸ್‌ಗೇ ಹೋಗಲಿಲ್ಲ. ಹುಡುಗರ ಪ್ರತಿಭೆ ಎಲ್ಲಿಗೂ ಓಡಿಹೋಗಿರಲಿಲ್ಲ. ಸುತ್ತ ಇರಬೇಕಾದ ಕಂಬಗಳು ಒಂದೊಂದಾಗಿ ಅಲುಗಾಡಿದವು.

2016ರಲ್ಲಿ ಲಖನೌನಲ್ಲಿ ಗೆದ್ದ ಜೂನಿಯರ್‌ಗಳ ಕಥೆ ಬೇರೆ. ಹರ್ಮನ್‌ಪ್ರೀತ್ ಸಿಂಗ್ ಆ ವರ್ಷ ಆಗಸ್ಟ್‌ನಲ್ಲಿ 20ರ ವಯಸ್ಸಿಗೆ ರಿಯೋ ಒಲಿಂಪಿಕ್ಸ್ ಆಡಿ ಬಂದಿದ್ದರು. ಅದೇ ಡಿಸೆಂಬರ್‌ನಲ್ಲಿ ಜೂನಿಯರ್ ತಂಡಕ್ಕೆ ಆಡಿದರು. ಮೇಲೆ ಹೋಗಿ ಬಂದವನನ್ನು ಕೆಳಗೆ ಆಡಿಸಿದರೆ ನಮ್ಮಲ್ಲಿ ಮನೆಯವರಿಗೆ ಅವಮಾನ ಆಗುತ್ತದೆ, ಫೋನ್ ಮಾಡಿ ಜಗಳ ಆಡುತ್ತಾರೆ. ಅದೇ ಹರ್ಮನ್‌ಪ್ರೀತ್ 2024ರಲ್ಲಿ ಪ್ಯಾರಿಸ್‌ನಲ್ಲಿ ನಾಯಕರಾಗಿ 10 ಗೋಲು ಹೊಡೆದರು. ಲಖನೌ ಫೈನಲ್‌ನಲ್ಲಿ ಗೋಲು ಹೊಡೆದ ಸಿಮ್ರನ್‌ಜೀತ್ ಸಿಂಗ್, 2021ರಲ್ಲಿ ಟೋಕಿಯೋದಲ್ಲಿ ಜರ್ಮನಿ ವಿರುದ್ಧ 5-4ರಿಂದ ಕಂಚು ಗೆದ್ದ ಮ್ಯಾಚಿನಲ್ಲಿ ಎರಡು ಗೋಲು ಹೊಡೆದರು. ನಡುವೆ ನಾಲ್ಕೂವರೆ ವರ್ಷ. ಲಖನೌದಲ್ಲಿ ನಾಯಕರಾಗಿದ್ದ ಹರ್ಜೀತ್ ಸಿಂಗ್ ಮಾತ್ರ ಟೋಕಿಯೋ ತಂಡದಲ್ಲಿರಲಿಲ್ಲ. ಯಾರು ಮೇಲೆ ಬರುತ್ತಾರೆ ಅಂತ 20ರಲ್ಲಿ ಹೇಳುವುದು ಕಷ್ಟ. ನನಗೂ ಬರುವುದಿಲ್ಲ, ಮುಖ ನೋಡಿ ಹೇಳುತ್ತೇನೆ ಅನ್ನುವ ಕೋಚ್‌ಗಳನ್ನು ನಂಬುವುದೂ ಇಲ್ಲ.

ಡ್ರ್ಯಾಗ್ ಫ್ಲಿಕ್ ಬಗ್ಗೆ ಒಂದು ಮಾತು, ತಂದೆ ತಾಯಂದಿರಿಗಾಗಿ. ಅದು ಸೊಂಟ ಬಗ್ಗಿಸಿ, ತಿರುಚಿ, ಬೆನ್ನಿನ ಕೆಳಭಾಗದ ಶಕ್ತಿಯಿಂದ ಎಸೆಯುವ ಹೊಡೆತ. ಬೆಳೆಯುವ ವಯಸ್ಸಿನ ಮೂಳೆಗೆ ಅತಿಯಾದರೆ ಸಣ್ಣ ಬಿರುಕು ಬಿಡಬಹುದು. ನನ್ನ ಹತ್ತಿರ 16, 17ರ ಹುಡುಗರಿಗೆ ದಿನಕ್ಕೆ 25 ಫ್ಲಿಕ್, ವಾರಕ್ಕೆ ಎರಡೇ ದಿನ. ಸಂಜೆ ಮನೆ ಹಿಂದೆ ಗೋಡೆಗೆ ಇನ್ನೂ ನೂರು ಹೊಡೆಸುವ ಅಪ್ಪಂದಿರು ಇದ್ದಾರೆ. ದಯವಿಟ್ಟು ಬೇಡ.

ನಮ್ಮ ತಂಡದಲ್ಲಿ ನಾನು ಮಾಡಿದ ತಪ್ಪು ಏನು ಅಂತ ಈಗ ಗೊತ್ತಾಗಿದೆ. ಹೊಸ ಸೆಂಟರ್ ಹಾಫ್, ಅವನ ಬಲಕ್ಕೆ ಹೊಸ ರೈಟ್ ಹಾಫ್, ಹಿಂದೆ ಹೊಸ ಡೀಪ್ ಡಿಫೆಂಡರ್. ಮೂವರನ್ನೂ ಒಂದೇ ಮೂಲೆಯಲ್ಲಿ ನಿಲ್ಲಿಸಿದ್ದೆ. ಒಬ್ಬ ಹೊಸಬನ ಎರಡು ಕಡೆಯೂ ಹಳಬರಿದ್ದರೆ ಅವನು ತಪ್ಪು ಮಾಡಿದರೂ ಮುಚ್ಚಿಹೋಗುತ್ತದೆ. ನಾನು ಮೂವರನ್ನು ಸೇರಿಸಿ ಒಂದು ಬಾಗಿಲು ಮಾಡಿಕೊಟ್ಟೆ. ಎದುರಾಳಿ ಕೋಚ್‌ಗೆ ಕಣ್ಣಿತ್ತು, ಕೊನೆಯ ಕ್ವಾರ್ಟರ್‌ನಲ್ಲಿ ಎಲ್ಲ ಚೆಂಡೂ ಆ ಕಡೆಗೇ ಕಳಿಸಿದರು.

ಹೋದ ಬುಧವಾರ ರೈಟ್ ಹಾಫ್ ಹುಡುಗನ ಅಪ್ಪ ಪಿಂಪ್ರಿ ಮೈದಾನದ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ವಿಜಯಪುರದವರು, ಇಲ್ಲಿ ಕಾರ್ಖಾನೆಯಲ್ಲಿ ಕೆಲಸ. "ಸರ್, ಮುಂದಿನ ಮ್ಯಾಚಿಗೆ ಅವನ್ನ ಕೂರಿಸ್ತೀರಾ?" ಅಂದರು. ಕೂರಿಸುವುದಿಲ್ಲ ಅಂದೆ. ಸೆಂಟರ್ ಹಾಫ್ ಹುಡುಗ ಬೆಂಚಿಗೆ ಹೋಗುತ್ತಾನೆ, ಫಾರ್ವರ್ಡ್ ಸಾಲಿನಲ್ಲಿ ಐದೈದು ನಿಮಿಷ ಆಡುತ್ತಾನೆ. ಅವನ ಜಾಗಕ್ಕೆ ಬೆಳಗಾವಿಯ ಹಳಬರು ಇನ್ನೊಂದು ಸೀಸನ್ ಬರಲು ಒಪ್ಪಿದ್ದಾರೆ. ಎರಡೇ ಷರತ್ತು. ಬೆಳಿಗ್ಗೆ ಆರರ ಪ್ರಾಕ್ಟೀಸಿಗೆ ಕರೆಯಬಾರದು. ಮತ್ತೆ, ಬೈದರೆ ಹುಡುಗರು ಬೇಜಾರು ಮಾಡಿಕೊಳ್ಳಬಾರದು.