ತತ್ತಿ ತೊಳೆಯುವ ಮೊದಲು ಗೂಡು ನೋಡಿ

ಇಂಡಿ ಕಡೆಯ ಒಂದು ಹಳ್ಳಿಯಿಂದ ಫೋನ್ ಬಂತು. "ಡಾಕ್ಟರ್ರ, ಮಷೀನಿನೊಳಗ ತತ್ತಿ ಒಡದು ಮನಿತುಂಬ ನಾತ ಬಡಿಲಿಕತ್ತೇತ್ರಿ." ಹೋಗಿ ನೋಡಿದೆ. ಕಾವು ಕೊಟ್ಟು ಮರಿ ಮಾಡಿಸುವ ಮಷೀನು (ಇನ್‌ಕ್ಯುಬೇಟರ್), ಒಳಗೆ ಜವಾರಿ ಕೋಳಿಯ ತತ್ತಿಗಳು, ಕಾವಿಗಿಟ್ಟು ಹದಿನೆಂಟನೇ ದಿನ. ಅರ್ಧಕ್ಕರ್ಧ ಕೊಳೆತಿದ್ದವು. "ಒಂದೊಂದೂ ಬೋರಿನ ನೀರಾಗ ತಿಕ್ಕಿ ತೊಳದೇ ಇಟ್ಟೀನ್ರಿ" ಎಂದರು ಆ ಅಕ್ಕ. ಅವರು ಮೈಗಳ್ಳತನ ಮಾಡಿರಲಿಲ್ಲ. ಎಡವಟ್ಟಾಗಿದ್ದು ಆ ತೊಳೆದದ್ದರಿಂದಲೇ.

ತತ್ತಿಯ ಚಿಪ್ಪಿನಲ್ಲಿ ಸಾವಿರಾರು ಸಣ್ಣ ತೂತುಗಳಿರುತ್ತವೆ. ಅವುಗಳ ಮೇಲೆ ಕೋಳಿಯೇ ಒಂದು ತೆಳು ಲೋಳೆ ಬಳಿದಿರುತ್ತದೆ. ಅದು ಒಣಗಿ, ರೋಗಾಣು ಒಳಹೋಗದಂತೆ ತಡೆಯುತ್ತದೆ. ತಿಕ್ಕಿದರೆ ಮೊದಲು ಹೋಗುವುದೇ ಅದು. ಇನ್ನೊಂದು ವಿಷಯ: ಆಗ ತಾನೇ ಇಟ್ಟ ತತ್ತಿ ಕೋಳಿಯ ಮೈಯಷ್ಟೇ ಬೆಚ್ಚಗೆ, ಸುಮಾರು 41 ಡಿಗ್ರಿ ಇರುತ್ತದೆ. ಆರುತ್ತಾ ಬಂದಂತೆ ಒಳಗಿನದು ಕುಗ್ಗಿ, ತೂತುಗಳಿಂದ ಗಾಳಿ ಎಳೆದುಕೊಳ್ಳುತ್ತದೆ. ದಪ್ಪ ತುದಿಯ ಗಾಳಿಚೀಲ ಆಗುವುದೇ ಹಾಗೆ. ಬೆಚ್ಚಗಿನ ತತ್ತಿಯನ್ನು ತಣ್ಣೀರಿಗೆ ಹಾಕಿದರೆ ಗಾಳಿಯ ಬದಲು ಹಿಕ್ಕೆ ಕರಗಿದ ನೀರನ್ನೇ ಎಳೆದುಕೊಳ್ಳುತ್ತದೆ. ಒದ್ದೆ ಬಟ್ಟೆಯೂ ಅಷ್ಟೇ. ಒಂದೇ ಬಟ್ಟೆಯಲ್ಲಿ ಮೂವತ್ತು ತತ್ತಿ ಒರೆಸಿದರೆ ಒಂದರ ಹೊಲಸು ಮೂವತ್ತಕ್ಕೂ ಹತ್ತುತ್ತದೆ, ಅಲ್ವಾ?

ಚೂರುಪಾರು ಒಣ ಹಿಕ್ಕೆ ಇದ್ದರೆ ಉಗುರಿನಿಂದಲೋ ಒಣ ಬ್ರಷ್‌ನಿಂದಲೋ ಮೆಲ್ಲಗೆ ಕೆರೆದು ಬಿಡಿ, ಸಾಕು. ಜಾಸ್ತಿ ಮೆತ್ತಿದ್ದರೆ ಕಾವಿಗೆ ಇಡಬೇಡಿ. ಬಿರುಕಿಲ್ಲದಿದ್ದರೆ ಚೆನ್ನಾಗಿ ಬೇಯಿಸಿ ತಿನ್ನಿ. ಅಪರೂಪದ ತಳಿ, ಇರುವುದೇ ನಾಲ್ಕು ತತ್ತಿ ಅಂದರೆ ಮಾತ್ರ ತೊಳೆಯಿರಿ. ನೀರು ತತ್ತಿಗಿಂತ ಬಿಸಿ ಇರಬೇಕು, 40ರಿಂದ 43 ಡಿಗ್ರಿ, ಥರ್ಮಾಮೀಟರ್ ಇಟ್ಟೇ ನೋಡಿ. ತತ್ತಿಗೆ ಬಳಸುವ ರೋಗಾಣು ಕೊಲ್ಲುವ ಔಷಧಿಯನ್ನು ಆ ನೀರಿಗೆ ಪೊಟ್ಟಣದ ಮೇಲೆ ಬರೆದ ಅಳತೆಯಲ್ಲೇ ಹಾಕಿ. ಮೂರು ನಿಮಿಷದೊಳಗೆ ತೆಗೆದು, ಒರೆಸದೆ ಆರಲು ಬಿಡಿ. ದೊಡ್ಡ ಹ್ಯಾಚರಿಗಳಲ್ಲಿ ರೋಗಾಣು ಸಾಯಲೆಂದು ಫಾರ್ಮಲಿನ್ ಹೊಗೆ ಕೊಡುವುದುಂಟು. ಮನೆಯಲ್ಲಿ ಬೇಡವೇ ಬೇಡ, ಅದು ಕ್ಯಾನ್ಸರ್ ತರುವಂಥದ್ದು.

ಆದರೆ ನನ್ನ ಕೇಳಿದರೆ, ಸಂಜೆ ಬುಟ್ಟಿ ಹಿಡಿದು ತೊಳೆಯಲು ಕೂರುವ ಹೊತ್ತಿಗೆ ಕೆಲಸ ಕೆಟ್ಟಾಗಿರುತ್ತದೆ. ತತ್ತಿ ಆರಿದ್ದು ಗೂಡಿನಲ್ಲೇ ತಾನೇ? ಎಳೆದುಕೊಳ್ಳುವುದನ್ನು ಅಲ್ಲೇ ಎಳೆದುಕೊಂಡಿರುತ್ತದೆ. ಅಕ್ಕನ ಗೂಡು ನೋಡಿದೆ. ಕೋಳಿ ಕೂರುವ ಅಡ್ಡಗೋಲು ತಗ್ಗಿನಲ್ಲಿ, ತತ್ತಿ ಇಡುವ ಪೆಟ್ಟಿಗೆ ಅದಕ್ಕಿಂತ ಎತ್ತರದಲ್ಲಿ. ಕೋಳಿ ರಾತ್ರಿ ಮಲಗಲು ಎತ್ತರದ ಜಾಗವನ್ನೇ ಹುಡುಕುತ್ತದೆ. ಪೆಟ್ಟಿಗೆಯಲ್ಲೇ ಮಲಗಿ, ಅಲ್ಲೇ ಹಿಕ್ಕೆ ಹಾಕಿ, ಬೆಳಿಗ್ಗೆ ಅದರ ಮೇಲೇ ತತ್ತಿ ಇಡುತ್ತಿತ್ತು!

ಕೋಲನ್ನು ಮೇಲೆ ಕಟ್ಟಿಸಿದೆ. ಪೆಟ್ಟಿಗೆಗೆ ಒಣ ಭತ್ತದ ಹೊಟ್ಟು ದಪ್ಪಗೆ ಹಾಕಿಸಿದೆ. ಹೊಟ್ಟಿಗೆ ಬೂಸು ಹಿಡಿದಿರಬಾರದು, ಅದು ತತ್ತಿಗೂ ಹತ್ತುತ್ತದೆ. ದಿನಕ್ಕೆ ಮೂರು ಸಲ ತತ್ತಿ ಎತ್ತಲು ಹೇಳಿದೆ. ನಮ್ಮ ಬಿಜಾಪುರದ ಬೇಸಿಗೆಯಲ್ಲಂತೂ ಮಧ್ಯಾಹ್ನದವರೆಗೆ ಬಿಟ್ಟರೆ ಆ ಸೆಕೆಗೆ ಭ್ರೂಣ ಅರೆಬರೆ ಬೆಳೆಯಲು ಶುರುವಾಗಿ ಸೊರಗುತ್ತದೆ. ತಂಪು ಜಾಗದಲ್ಲಿಟ್ಟು ವಾರದೊಳಗೆ ಮಷೀನಿಗೆ ಹಾಕಬೇಕು.

ಅಕ್ಕನಿಗೆ ಇನ್ನೂ ಒಂದು ಅನುಮಾನ. "ಹೇಂಟಿ ಕಾವಿಗೆ ಕೂತಾಗ ಯಾರ್ ತೊಳಿತಾರ್ರೀ? ಆದ್ರೂ ಮರಿ ಆಗ್ತಾವಲ್ಲ?" ಒಳ್ಳೆ ಪ್ರಶ್ನೆ. ಹೇಂಟಿಯ ಕೆಳಗೆ ಫ್ಯಾನ್ ಇರುವುದಿಲ್ಲ. ಮಷೀನಿನಲ್ಲಿ ಒಂದು ತತ್ತಿ ಕೊಳೆತು ಒಡೆದರೆ ಫ್ಯಾನು ಅದನ್ನು ಎಲ್ಲದಕ್ಕೂ ಹಂಚುತ್ತದೆ. ಅದಕ್ಕೇ ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ, ನಾತ ಬರುವುದು, ಒಸರುವುದು ಕಂಡರೆ ತೆಗೆದುಬಿಡಲು ಹೇಳಿ ಬಂದೆ.