ಶುಗರೂ ಇದೆ, ಪಿತ್ತಕೋಶದಲ್ಲಿ ಕಲ್ಲೂ ಇದೆ: ಏನು ಉಣ್ಣಬೇಕು?

ಪ್ರಶ್ನೆ: ಎಂಟು ವರ್ಷದಿಂದ ಶುಗರ್ ಇದೆ. ಹೋದ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ 12 ಮಿಲಿಮೀಟರಿನ ಕಲ್ಲು ಕಂಡಿದೆ. ಶುಗರ್‌ಗೆ ಅನ್ನ ಬಿಡಿ ಎನ್ನುತ್ತಾರೆ, ಕಲ್ಲಿಗೆ ಎಣ್ಣೆ ಬಿಡಿ ಎನ್ನುತ್ತಾರೆ. ಇನ್ನು ಉಣ್ಣುವುದೇನು? ಸೇಬಿನ ರಸ, ಆಲಿವ್ ಎಣ್ಣೆ ಕುಡಿದರೆ ಕಲ್ಲು ಬಿದ್ದುಹೋಗುತ್ತದಂತೆ. ಕುಡಿಯಬಹುದೇ?

ಕೊನೆಯದಕ್ಕೆ ಮೊದಲು ಉತ್ತರ: ಕುಡಿಯಬೇಡಿ. ರಾಯಚೂರಿನಲ್ಲಿ ಪಥ್ಯದ ಸಲಹೆ ಕೊಡುತ್ತ ಕುಳಿತ ಇಷ್ಟು ವರ್ಷಗಳಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಅದೇ ವಾಟ್ಸ್‌ಆ್ಯಪ್ ಸಂದೇಶ ತಿರುಗಿ ತಿರುಗಿ ಬರುತ್ತದೆ. ಐದು ದಿನ ದಿನಕ್ಕೆ ನಾಲ್ಕು ಲೋಟ ಸೇಬಿನ ರಸ, ಆರನೆಯ ದಿನ ರಾತ್ರಿಯೂಟ ಬಿಟ್ಟು ಎಪ್ಸಮ್ ಉಪ್ಪಿನ (ಭೇದಿ ಮಾಡಿಸುವ ಮೆಗ್ನೀಸಿಯಂ ಲವಣದ) ನೀರು, ಆಮೇಲೆ ಅರ್ಧ ಲೋಟ ಆಲಿವ್ ಎಣ್ಣೆಗೆ ಅಷ್ಟೇ ನಿಂಬೆರಸ. ಬೆಳಿಗ್ಗೆ ಮಲದಲ್ಲಿ ಹಸಿರು ಕಲ್ಲುಗಳು ಬೀಳುತ್ತವಂತೆ.

ಏನೋ ಬೀಳುವುದು ನಿಜ. ಕಳೆದ ಮೇ ತಿಂಗಳಲ್ಲಿ ಹಿರಿಯ ತಾಯಿಯೊಬ್ಬರು ಅವುಗಳನ್ನು ತೊಳೆದು, ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ ಹಾಕಿಕೊಂಡು ಬಂದಿದ್ದರು. ಮನೆಯಿಂದ ಹೊರಟಾಗ ಕಡಲೆಕಾಳಿನಷ್ಟು ದುಂಡಗಿದ್ದವಂತೆ. ಬಸ್ಸಿನ ಸೆಕೆಗೆ ಅರ್ಧ ಕರಗಿ, ತಳದಲ್ಲಿ ಹಸಿರು ಜಿಡ್ಡಾಗಿ ಅಂಟಿಕೊಂಡಿದ್ದವು. "ಅಮ್ಮಾ, ಕಲ್ಲು ಬಿಸಿಲಿಗೆ ಕರಗುತ್ತದೆಯೇ?" ಎಂದು ಕೇಳಿದೆ. ಅವರು ಬಹಳ ಹೊತ್ತು ಬಾಟಲಿಯನ್ನೇ ನೋಡುತ್ತ ಕುಳಿತರು. ಮತ್ತೆ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದ ಕಲ್ಲುಗಳು ಇದ್ದಲ್ಲೇ ಇದ್ದವು.

2005ರಲ್ಲಿ ನ್ಯೂಜಿಲೆಂಡಿನ ಇಬ್ಬರು ತಜ್ಞರು ಇಂಥವೇ ಉಂಡೆಗಳನ್ನು ಪರೀಕ್ಷಿಸಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಗೆ ಬರೆದರು. ಅವುಗಳಲ್ಲಿ ಕೊಲೆಸ್ಟ್ರಾಲ್ ಇರಲಿಲ್ಲ, ಪಿತ್ತಕ್ಕೆ ಬಣ್ಣ ಕೊಡುವ ಬಿಲಿರುಬಿನ್ ಇರಲಿಲ್ಲ, ಕ್ಯಾಲ್ಸಿಯಂ ಕೂಡ ಇರಲಿಲ್ಲ. ಪಿತ್ತದ ಕಲ್ಲು ಕಟ್ಟುವುದೇ ಇವುಗಳಿಂದ. ಇದ್ದದ್ದು ಮುಕ್ಕಾಲು ಪಾಲು ಕೊಬ್ಬಿನಾಮ್ಲ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷಕ್ಕೆ ಕರಗಿ ಎಣ್ಣೆಯಾದವು. ನಮ್ಮ ಮೇ ತಿಂಗಳ ಬಿಸಿಲೇ ಅದಕ್ಕಿಂತ ಹೆಚ್ಚು. ಕುಡಿದ ಎಣ್ಣೆಯೇ ನಿಂಬೆರಸ, ಜೀರ್ಣರಸಗಳೊಡನೆ ಸೇರಿ ಸಾಬೂನಿನ ಉಂಡೆಯಾಗಿ ಹೊರಬರುತ್ತದೆ, ಅಷ್ಟೇ.

ನಿಮ್ಮ ಕಲ್ಲು 12 ಮಿಲಿಮೀಟರ್. ಪಿತ್ತನಾಳದ ಅಗಲ ಸಾಮಾನ್ಯವಾಗಿ 6 ಮಿಲಿಮೀಟರಿನ ಆಸುಪಾಸು. ಅಷ್ಟೊಂದು ಎಣ್ಣೆ ಒಮ್ಮೆಗೇ ಒಳಗೆ ಹೋದರೆ ಪಿತ್ತಕೋಶ ಬಲವಾಗಿ ಹಿಂಡಿಕೊಳ್ಳುತ್ತದೆ. ಕಲ್ಲು ಅದರ ಬಾಯಿಗೆ ಬಂದು ಸಿಕ್ಕಿಕೊಂಡರೆ ತಡೆಯಲಾಗದ ನೋವು. ಸಣ್ಣ ಕಲ್ಲೊಂದು ನಾಳಕ್ಕೆ ಜಾರಿ ನಿಂತರೆ ಕಾಮಾಲೆ, ಮೇದೋಜೀರಕದ ಉರಿಯೂತ. ಶುಗರ್ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ನಾಲ್ಕು ಲೋಟ ಸೇಬಿನ ರಸವೆಂದರೆ ಹತ್ತಿರ ಹತ್ತಿರ ಇಪ್ಪತ್ತು ಚಮಚ ಸಕ್ಕರೆ. ಐದು ದಿನ ಹಾಗೆ ಏರಿಸಿ, ಆರನೆಯ ರಾತ್ರಿ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಮೂತ್ರಪಿಂಡ ಸೋತವರಿಗೆ ಎಪ್ಸಮ್ ಉಪ್ಪು ಬೇರೆಯೇ ಗಂಡಾಂತರ. ದಯವಿಟ್ಟು ಆ ಸಂದೇಶವನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ಇನ್ನು ಊಟ. ಯಾವ ಪಥ್ಯವೂ ಕಲ್ಲನ್ನು ಕರಗಿಸುವುದಿಲ್ಲ. ನೋವು ಕೆರಳದಂತೆ, ಸಕ್ಕರೆ ಏರದಂತೆ ನೋಡಿಕೊಳ್ಳುತ್ತದೆ. ಅದಕ್ಕೆ ಎರಡು ತಟ್ಟೆ ಬೇಕಿಲ್ಲ. ಎಣ್ಣೆಯನ್ನು ಪೂರ್ತಿ ಬಿಡಬೇಡಿ. ಕೊಬ್ಬು ಸ್ವಲ್ಪವೂ ಇಲ್ಲದಿದ್ದರೆ ಪಿತ್ತಕೋಶ ಖಾಲಿಯಾಗದೆ ಪಿತ್ತ ನಿಂತಲ್ಲೇ ಗಟ್ಟಿಯಾಗುತ್ತದೆ. ದಿನವಿಡೀ ಸೇರಿ ಮೂರು ಚಹಾ ಚಮಚ ಎಣ್ಣೆ ಸಾಕು. ಬಿಡಬೇಕಾದದ್ದು ಸಂಜೆಯ ಮಿರ್ಚಿ. ಒಗ್ಗರಣೆ ಮಂಡಕ್ಕಿ ಜೊತೆ ಮೂರು ಮಿರ್ಚಿ ತಿಂದ ರಾತ್ರಿಯೇ ಬಲಪಕ್ಕೆಯ ನೋವು ಬಂತೆಂದು ಹೇಳುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಶೇಂಗಾ ಚಟ್ನಿ ಒಂದು ಚಮಚ ಇರಲಿ, ಬಟ್ಟಲು ತುಂಬ ಬೇಡ.

ಅನ್ನದ ವಿಷಯ ನನಗೆ ಹೆಚ್ಚು ಚಿಂತೆ ಹುಟ್ಟಿಸುತ್ತದೆ. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿಂಧನೂರು, ಗಂಗಾವತಿಯ ಕಡೆ ಜೋಳದ ಹೊಲ ಭತ್ತದ ಗದ್ದೆಯಾಯಿತು, ತಟ್ಟೆಯೂ ಹಾಗೇ ಬದಲಾಯಿತು. ಎರಡು ಜೋಳದ ರೊಟ್ಟಿ, ತಟ್ಟೆಯ ಅರ್ಧದಷ್ಟು ಪುಂಡಿಪಲ್ಯವೋ ಮೆಂತ್ಯಪಲ್ಯವೋ, ಒಂದು ಬಟ್ಟಲು ಹೆಸರುಕಾಳು, ಕೆನೆ ತೆಗೆದ ಮಜ್ಜಿಗೆ, ಕೊನೆಗೆ ಒಂದು ಹಿಡಿ ಅನ್ನ: ಇದು ಎರಡೂ ಕಾಯಿಲೆಗೆ ಒಪ್ಪುವ ಊಟ. ಜೋಳವೆಂದು ಐದು ರೊಟ್ಟಿ ಉಂಡರೆ ಸಕ್ಕರೆ ಏರದೇ ಇರುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಿ. ದಿನವಿಡೀ ಉಪವಾಸವೂ ಬೇಡ, ತಿಂಗಳಿಗೆ ಎಂಟು ಕಿಲೋ ಇಳಿಸುವ ಹಟವೂ ಬೇಡ. ತೂಕ ಬೇಗ ಇಳಿದರೂ ಹೊಸ ಕಲ್ಲು ಕಟ್ಟುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಮುಂದೆ ಕೇಳುವಿರಿ: ಶಸ್ತ್ರಚಿಕಿತ್ಸೆಯಲ್ಲಿ ಕಲ್ಲಷ್ಟೇ ತೆಗೆದು ಪಿತ್ತಕೋಶದ ಚೀಲವನ್ನು ಉಳಿಸಬಾರದೇ? ಉಳಿಸಿದರೆ ಅದೇ ಚೀಲದಲ್ಲಿ ಮತ್ತೆ ಕಲ್ಲು ಕಟ್ಟುವುದೇ ಹೆಚ್ಚು. ಪಿತ್ತ ತಯಾರಾಗುವುದು ಯಕೃತ್ತಿನಲ್ಲಿ. ಪಿತ್ತಕೋಶ ಅದನ್ನು ಕೂಡಿಡುವ ಚೀಲ ಮಾತ್ರ. ಚೀಲ ತೆಗೆದ ಮೇಲೆ ಪಿತ್ತ ನೇರವಾಗಿ ಕರುಳಿಗೆ ಇಳಿಯುತ್ತದೆ. ಕೆಲವು ವಾರ ಭೇದಿಯಾಗಬಹುದು, ಆಮೇಲೆ ಹೆಚ್ಚಿನವರು ಮೇಲೆ ಹೇಳಿದ ಊಟವನ್ನೇ ಉಣ್ಣುತ್ತಾರೆ. ನೋವೇ ಇಲ್ಲದ ಕಲ್ಲಿಗೆ, ಶುಗರ್ ಇದೆಯೆಂಬ ಒಂದೇ ಕಾರಣಕ್ಕೆ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.

ಆದರೆ ಬಹಳ ವರ್ಷ ಶುಗರ್ ಇದ್ದವರ ನರಗಳು ಮಂದವಾಗಿ, ಪಿತ್ತಕೋಶ ಕೀವು ತುಂಬಿದರೂ ನೋವು ಸಣ್ಣದಾಗಿಯೇ ಕಾಣಬಹುದು. ಚಳಿಜ್ವರ, ಬಿಡದ ವಾಂತಿ, ಕಣ್ಣು ಹಳದಿ, ಕಾರಣವಿಲ್ಲದೆ ಏರಿದ ಸಕ್ಕರೆ: ಇವುಗಳಲ್ಲಿ ಯಾವುದು ಕಂಡರೂ ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. ಅದೇ ರಾತ್ರಿ ಆಸ್ಪತ್ರೆಗೆ ಹೋಗಿ, ಹೋಗುವಾಗ ಸ್ಕ್ಯಾನಿಂಗ್ ಚೀಟಿಯನ್ನೂ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ.